ಸಪೋಟಕ್ಕೆ ಹೆಸರಿಟ್ಟವರ ಮನೆಮಾತು

ಈ ಹೊತ್ತು ನಿಮ್ಮ ಮನೆಯಲ್ಲಿ ಏನು ಸಾರು? ಟೊಮೆಟೊ ಸಾರೇ ಇರಬೇಕು. ಮನೆಯಲ್ಲಿ ಬೇರೇನೂ ತರಕಾರಿ ಇಲ್ಲದಿದ್ದರೂ ಬುಟ್ಟಿಯ ಮೂಲೆಯಲ್ಲಿ ನಾಲ್ಕು ಟೊಮೆಟೊ ಇದ್ದೇ ಇರುತ್ತವಲ್ಲ! ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಎರಡು ಸಪೋಟ ಹಣ್ಣು ಸಿಪ್ಪೆ ತೆಗೆದು ಇಟ್ಟಿರುತ್ತೀರಿ. ಪರೀಕ್ಷೆಯಲ್ಲಿ ಒಳ್ಳೆ ಅಂಕ ತಂದರೆ ಒಂದು ಚಾಕೊಲೇಟ್ ಕೊಡಿಸುತ್ತೀರಿ.

ಹಾಗಿದ್ದರೆ ವಾಚಕಿಯರೆ, ನೀವು ಈ ದಿನ ಬೆಳಗಿನಿಂದ ನಾವಾತ್ಲ್ ಭಾಷೆ ಮಾತಾಡುತ್ತಿದ್ದೀರಿ ಎಂದರೆ ನಂಬುತ್ತೀರಾ?

ನಾವಾತ್ಲ್ ಎನ್ನುವುದು ಮೆಕ್ಸಿಕೋ ದೇಶದ ಮೂಲನಿವಾಸಿಗಳ ಭಾಷೆ. ಐನೂರು ವರ್ಷಗಳ ಹಿಂದೆ ಅಲ್ಲಿ ರಾಜ್ಯವಾಳುತ್ತಿದ್ದ ಆಜ್‌ಟೆಕರು ಆಡುತ್ತಿದ್ದ ಮಾತು ಅದೇ. ಅವರು ‘ತೊಮಾತ್ಲ್’ ಎಂದದ್ದು ಸ್ಪೇನಿನವರ ಬಾಯಲ್ಲಿ ‘ತೊಮಾತೆ’ ಆಗಿ, ಇಂಗ್ಲಿಷರ ಬಾಯಲ್ಲಿ ತಿರುಗಿ, ನಮ್ಮ ಸಂತೆಗೆ ಟೊಮೆಟೊ ಆಗಿ ಬಂತು. ‘ತ್ಸಾಪೋತ್ಲ್’ ಎಂದರೆ ಅವರಲ್ಲಿ ಒಂದು ಜಾತಿಯ ಸಿಹಿ ಹಣ್ಣುಗಳಿಗೆಲ್ಲ ಹೆಸರು; ನಮ್ಮ ಸಪೋಟ ಅದೇ. ಸಪೋಟ ಮರದಿಂದ ಸುರಿಯುವ ಹಾಲು ಗಟ್ಟಿಯಾದಾಗ ‘ತ್ಸಿಕ್ತ್ಲಿ’. ಅದನ್ನು ಅಗಿಯುವ ಅಭ್ಯಾಸ ಅವರಿಗಿತ್ತು. ಈಗ ನಿಮ್ಮ ಮಗರಾಯ ಬಾಯಲ್ಲಿಟ್ಟು ಜಗಿದು, ಕೊನೆಗೆ ಮಂಚದ ಕಾಲಿಗೆ ಅಂಟಿಸುತ್ತಾನಲ್ಲ, ಆ ಚ್ಯೂಯಿಂಗ್ ಗಮ್ಮಿನ ಮೂಲ ಅಲ್ಲಿದೆ. ಚಾಕೊಲೇಟ್ ಎಂಬ ಪದವೂ ಆ ಕಡೆಯದೇ, ಆದರೆ ಅದು ಯಾವ ನಾವಾತ್ಲ್ ಪದದಿಂದ ಹುಟ್ಟಿತು ಎಂಬ ಬಗ್ಗೆ ಪಂಡಿತರ ಜಗಳ ಇನ್ನೂ ಮುಗಿದಿಲ್ಲ. ಇಂಗ್ಲಿಷಿನ ಚಿಲ್ಲಿ ಅಂತೂ ಅಕ್ಷರ ಬದಲಾಗದೆ ನಾವಾತ್ಲ್ ‘ಚಿಲ್ಲಿ’ಯೇ. ಅಲ್ಲಿಂದ ಹಡಗು ಹತ್ತಿ ಬಂದ ಆ ಕಾಯಿಗೆ ನಾವು ಮಾತ್ರ ನಮ್ಮ ಹಳೆಯ ಮೆಣಸಿನ ಹೆಸರನ್ನೇ ತೊಡಿಸಿ, ಮೆಣಸಿನಕಾಯಿ ಎಂದು ಮನೆಯವಳನ್ನಾಗಿ ಮಾಡಿಕೊಂಡೆವು!

ಕೊಡಗು, ಚಿಕ್ಕಮಗಳೂರಿನ ಕಡೆಯ ಗೆಳತಿಯರಿಗೆ ಬೆಣ್ಣೆಹಣ್ಣು ಗೊತ್ತು. ಅದು ಅವರ ‘ಅವಾಕಾತ್ಲ್’. ‘ಮೊಲ್ಲಿ’ ಎಂದರೆ ಗೊಜ್ಜು, ಚಟ್ನಿ ಎಂದಿಟ್ಟುಕೊಳ್ಳಿ. ಎರಡೂ ಸೇರಿ ‘ಅವಾಕಮೊಲ್ಲಿ’, ಅಂದರೆ ಬೆಣ್ಣೆಹಣ್ಣಿನ ಗೊಜ್ಜು. ಈಗ ದೊಡ್ಡ ಹೋಟೆಲುಗಳ ಪಟ್ಟಿಯಲ್ಲಿ ಗ್ವಾಕಮೋಲೆ ಎಂದು ಬರೆದು ಬೆಲೆ ಏರಿಸುವುದು ಇದಕ್ಕೇ. ಮಾಡುವುದೇನೂ ಕಷ್ಟವಲ್ಲ. ಚೆನ್ನಾಗಿ ಕಳಿತ ಎರಡು ಬೆಣ್ಣೆಹಣ್ಣಿನ ತಿರುಳನ್ನು ಕೈಯಲ್ಲೇ ಹಿಸುಕಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಒಂದು ಟೊಮೆಟೊ, ಒಂದು ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಉಪ್ಪು ಬೆರೆಸಿ, ನಿಂಬೆಹಣ್ಣು ಹಿಂಡಿದರಾಯಿತು. ನಿಂಬೆರಸ ಮರೆತರೆ ಗೊಜ್ಜು ಕಪ್ಪಾಗುತ್ತದೆ. ಒಗ್ಗರಣೆ ಬೇಡ. ಚಪಾತಿಗೂ ಹೊಂದುತ್ತದೆ, ಅಕ್ಕಿರೊಟ್ಟಿಗೂ ಹೊಂದುತ್ತದೆ.

ಇಷ್ಟೆಲ್ಲ ಹೇಳಿದ್ದು ಅಡಿಗೆಗಾಗಿ ಅಲ್ಲ. ಪ್ರಪಂಚದ ಅಡಿಗೆಮನೆಗಳೆಲ್ಲ ಇವರ ಪದಗಳನ್ನು ಬಾಯಿ ಚಪ್ಪರಿಸಿಕೊಂಡು ಆಡುತ್ತಿರುವಾಗ, ಆ ಪದಗಳನ್ನು ಹುಟ್ಟಿಸಿದ ಮನೆಗಳಲ್ಲೇ ತಾಯಂದಿರು ಮಕ್ಕಳೊಡನೆ ಆ ಭಾಷೆ ಆಡಲು ಅಂಜಿದರು. ಯಾಕೆ ಅಂಜಿದರು ಎಂಬುದೇ ನಾನು ನಿಮಗೆ ಹೇಳಹೊರಟ ವಿಷಯ.

ಮೆಕ್ಸಿಕೋ ಎಂದರೆ ಸ್ಪ್ಯಾನಿಷ್ ಮಾತಾಡುವ ದೇಶ ಎಂದಷ್ಟೇ ನಾವು ಭೂಗೋಳದಲ್ಲಿ ಓದಿದ್ದು. ಆದರೆ ಅಲ್ಲಿನ ಸರ್ಕಾರವೇ 2008ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 68 ಮೂಲಭಾಷೆಗಳಿವೆ. ಅವು 11 ಬೇರೆ ಬೇರೆ ಭಾಷಾ ಕುಟುಂಬಗಳಿಗೆ ಸೇರಿದವು. ಊರೂರಿಗೆ ಬದಲಾಗುವ ರೂಪಗಳನ್ನು ಎಣಿಸಿದರೆ 364. ನಾವಾತ್ಲ್, ಮಾಯಾ, ತ್ಸೆಲ್ತಾಲ್, ಮಿಶ್ತೆಕ್, ಝಪೊತೆಕ್, ಒತೊಮಿ, ಮಸಾತೆಕ್, ಮಿಹೆ ಹೀಗೆ ಸಾಗುತ್ತದೆ ಪಟ್ಟಿ. ಇವೆಲ್ಲ ಸ್ಪ್ಯಾನಿಷಿನ ಹಳ್ಳಿರೂಪಗಳು ಎಂದು ತಿಳಿದವರುಂಟು. ಅದು ತಪ್ಪು. ಸ್ಪ್ಯಾನಿಷಿಗೂ ಇವಕ್ಕೂ ಸಂಬಂಧವೇ ಇಲ್ಲ. ಇವುಗಳಲ್ಲೇ ಒಂದಕ್ಕೂ ಇನ್ನೊಂದಕ್ಕೂ ಎಷ್ಟೋ ಕಡೆ ಕನ್ನಡಕ್ಕೂ ಕಾಶ್ಮೀರಿಗೂ ಇರುವಷ್ಟು ದೂರ.

ಒಂದೊಂದರ ಬೆಡಗು ಒಂದೊಂದು ಥರ. ಮಸಾತೆಕ್ ಭಾಷೆಯನ್ನೇ ನೋಡಿ. ಅದರಲ್ಲಿ ಸ್ವರದ ಏರಿಳಿತದಿಂದ ಪದದ ಅರ್ಥವೇ ಬದಲಾಗುತ್ತದೆ. ಹಾಗಾಗಿ ಪದ ಬಿಟ್ಟು ಬರೀ ಏರಿಳಿತವನ್ನೇ ಸಿಳ್ಳೆಯಲ್ಲಿ ಹಾಕಿದರೂ ಮಾತು ಅರ್ಥವಾಗುತ್ತದಂತೆ! ಗುಡ್ಡದ ಈಚೆ ನಿಂತವನು ಆಚೆ ಇರುವವನ ಜತೆ ಸಿಳ್ಳೆಯಲ್ಲೇ ವ್ಯಾಪಾರ ಕುದುರಿಸಬಲ್ಲ. 1948ರಲ್ಲೇ ಒಬ್ಬ ಭಾಷಾಶಾಸ್ತ್ರಜ್ಞರು ಇದನ್ನು ವಿವರವಾಗಿ ಬರೆದಿಟ್ಟಿದ್ದಾರೆ. ಸಿಳ್ಳೆ ಹಾಕುವುದು ಗಂಡಸರ ಪದ್ಧತಿ. ಹೆಂಗಸರು ಹಾಕುವುದಿಲ್ಲ, ಆದರೆ ಅವರಿಗೆ ಎಲ್ಲವೂ ಅರ್ಥವಾಗುತ್ತದೆ. ಗಂಡಸರ ಗುಟ್ಟು ಹೆಂಗಸರಿಗೆ ತಿಳಿಯದೆ ಉಳಿದದ್ದು ಯಾವ ದೇಶದಲ್ಲಿದೆ ಹೇಳಿ!

ಅಡಿಗೆಮನೆಯ ವಿಷಯಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ಒಂದು ಪದದೊಳಗೆ ಎಷ್ಟು ವಿದ್ಯೆ ಅಡಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಲಿನವರ ಅನ್ನವೆಂದರೆ ಮುಸುಕಿನ ಜೋಳ. ಜೋಳವನ್ನು ಹಾಗೇ ಬೀಸಿ ರೊಟ್ಟಿ ತಟ್ಟುವುದಿಲ್ಲ ಅವರು. ಮೊದಲು ಕಾಳನ್ನು ಸುಣ್ಣದ ನೀರಿನಲ್ಲೋ ಬೂದಿ ನೀರಿನಲ್ಲೋ ಬೇಯಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟು, ಬೆಳಿಗ್ಗೆ ಸಿಪ್ಪೆ ಉಜ್ಜಿ ತೊಳೆದು, ಆಮೇಲೆ ಕಲ್ಲಿನ ಮೇಲೆ ಅರೆಯುತ್ತಾರೆ. ಹೀಗೆ ಹದಮಾಡಿದ ಜೋಳಕ್ಕೆ ‘ನೆಶ್ತಮಾಲ್ಲಿ’ ಎಂದು ಹೆಸರು. ‘ನೆಶ್ತ್ಲಿ’ ಎಂದರೆ ಬೂದಿ. ‘ತಮಾಲ್ಲಿ’ ಎಂದರೆ ಜೋಳದ ಹಿಟ್ಟಿನ ಕಡುಬು. ನಾವು ಅರಿಶಿನದ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ಹಾಗೆ ಅವರು ತೆನೆಯ ಸಿಪ್ಪೆಯಲ್ಲಿ ಸುತ್ತಿ ಬೇಯಿಸುತ್ತಾರೆ.

ಸ್ಪೇನಿನವರು ಜೋಳವನ್ನು ಯೂರೋಪಿಗೆ ಒಯ್ದರು. ಸುಣ್ಣದ ನೀರಿನ ಈ ಹದವನ್ನು ಒಯ್ಯಲಿಲ್ಲ. ಹೆಂಗಸರು ಒಲೆಯ ಮುಂದೆ ಮಾಡುವ ಕೆಲಸ, ಅದರಲ್ಲೇನು ಮಹಾ ಎಂದುಕೊಂಡರೋ ಏನೋ. ಮುಂದೆ ಸ್ಪೇನಿನಲ್ಲಿ, ಉತ್ತರ ಇಟಲಿಯಲ್ಲಿ, ಆಮೇಲೆ ಅಮೆರಿಕದ ದಕ್ಷಿಣ ಭಾಗದಲ್ಲಿ, ಬರೀ ಜೋಳ ತಿಂದು ಬದುಕುವ ಬಡವರಿಗೆ ಪೆಲ್ಲಾಗ್ರ ಎಂಬ ರೋಗ ಹತ್ತಿತು. ಚರ್ಮ ಒಡೆದು, ಭೇದಿಯಾಗಿ, ಬುದ್ಧಿ ಭ್ರಮಣೆಯಾಗಿ ಸಾವಿರಾರು ಜನ ಸತ್ತರು. ಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವ ಸುಣ್ಣದ ನೀರಿನಲ್ಲಿ ಬೆಂದರೆ ಮಾತ್ರ ದೇಹಕ್ಕೆ ದಕ್ಕುತ್ತದೆ ಎಂಬುದು ಪಂಡಿತರಿಗೆ ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ. ನಾವಾತ್ಲ್ ಆಡುವ ಅಜ್ಜಿಯರಿಗೆ ನಯಾಸಿನ್ ಗೊತ್ತಿರಲಿಲ್ಲ, ನೆಶ್ತಮಾಲ್ಲಿ ಗೊತ್ತಿತ್ತು.

ಈ ಭಾಷೆಗಳ ಮೇಲೆ ಪರಕೀಯರ ನೆರಳು ಬಿದ್ದ ಕಥೆಯ ಆರಂಭದಲ್ಲೂ ಒಬ್ಬ ಹೆಣ್ಣುಮಗಳೇ ಇದ್ದಾಳೆ. ಅವಳ ಹೆಸರು ಮಲಿಂತ್ಸಿನ್. ನಾವಾತ್ಲ್ ಆಡುವ ಮನೆಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ದಾಸಿಯಾಗಿ ಮಾಯಾ ಭಾಷೆಯವರ ಸೀಮೆ ಸೇರಿದವಳು. 1519ರಲ್ಲಿ ಸ್ಪೇನಿನ ದಂಡನಾಯಕ ಕೊರ್ತೆಸ್ ಅಲ್ಲಿಗೆ ಬಂದಾಗ, ಯುದ್ಧದಲ್ಲಿ ಸೋತವರು ಅವನಿಗೆ ಕೊಟ್ಟ ಇಪ್ಪತ್ತು ಮಂದಿ ಹೆಂಗಸರಲ್ಲಿ ಇವಳೂ ಒಬ್ಬಳು. ಎರಡು ಭಾಷೆ ಬಲ್ಲವಳು ಎಂದು ಗೊತ್ತಾದದ್ದೇ ತಡ, ಅವಳ ದೆಸೆ ತಿರುಗಿತು. ಆಜ್‌ಟೆಕ್ ದೊರೆ ಆಡಿದ್ದನ್ನು ಅವಳು ಮಾಯಾ ಭಾಷೆಗೆ ತಿರುಗಿಸುವಳು, ಮಾಯಾ ಬಲ್ಲ ಒಬ್ಬ ಸ್ಪೇನಿನವನು ಅದನ್ನು ಸ್ಪ್ಯಾನಿಷಿಗೆ ತಿರುಗಿಸುವನು. ಕೆಲಕಾಲದಲ್ಲಿ ಅವಳೇ ಸ್ಪ್ಯಾನಿಷ್ ಕಲಿತಳು. 1521ರಲ್ಲಿ ಆಜ್‌ಟೆಕರ ರಾಜಧಾನಿ ಬಿತ್ತು.

ಇಂದಿಗೂ ಮೆಕ್ಸಿಕೋದಲ್ಲಿ ಸ್ವಂತದ್ದನ್ನು ಹಳಿದು ಪರದೇಶದ್ದನ್ನು ಮೆಚ್ಚುವವರಿಗೆ ಅವಳ ಹೆಸರು ಹಿಡಿದೇ ಬೈಯುವುದುಂಟು. ನನಗಂತೂ ಇದು ನ್ಯಾಯವೆನಿಸುವುದಿಲ್ಲ. ತನ್ನವರು ಎನಿಸಿಕೊಂಡವರಿಂದಲೇ ಕೈಯಿಂದ ಕೈಗೆ ದಾಟಿದ ಹುಡುಗಿ ಯಾರಿಗೆ ದ್ರೋಹ ಮಾಡಿದಳು? ಅವಳಲ್ಲಿದ್ದ ಆಸ್ತಿ ನಾಲಿಗೆಯೊಂದೇ. ಅದನ್ನು ಹಿಡಿದುಕೊಂಡು ಬದುಕಿದಳು.

ಆರಂಭದ ಪಾದ್ರಿಗಳು ಮಾತ್ರ ಈ ಭಾಷೆಗಳನ್ನು ಆಸ್ಥೆಯಿಂದ ಕಲಿತರು ಎಂಬುದನ್ನೂ ಹೇಳಬೇಕು. ಅವರ ಉದ್ದೇಶ ಮತಪ್ರಚಾರವೇ, ಆದರೆ ಕೆಲಸ ಉಳಿಯಿತು. ಬೆರ್ನಾರ್ದಿನೊ ದೆ ಸಹಗುನ್ ಎಂಬ ಪಾದ್ರಿ, ನಾವಾತ್ಲ್ ಬಲ್ಲ ವಿದ್ಯಾವಂತರನ್ನೂ ಊರ ಹಿರಿಯರನ್ನೂ ಕೂರಿಸಿಕೊಂಡು ಹದಿನಾರನೆಯ ಶತಮಾನದಲ್ಲಿ ಹನ್ನೆರಡು ಭಾಗಗಳ ಗ್ರಂಥವನ್ನು ಸಿದ್ಧಮಾಡಿಸಿದರು. ಒಂದು ಕಡೆ ನಾವಾತ್ಲ್, ಪಕ್ಕದಲ್ಲಿ ಸ್ಪ್ಯಾನಿಷ್, ನಡುನಡುವೆ ಚಿತ್ರಗಳು. ಆ ಗ್ರಂಥ ಈಗ ಇಟಲಿಯ ಫ್ಲಾರೆನ್ಸ್ ನಗರದ ಗ್ರಂಥಾಲಯದಲ್ಲಿದೆ. ಅದರಲ್ಲಿ ಸಂತೆಯಲ್ಲಿ ಟೊಮೆಟೊ ಮಾರುವವರಿದ್ದಾರೆ, ಮೆಣಸಿನಕಾಯಿ ಮಾರುವವರಿದ್ದಾರೆ, ಹಳಸಿದ್ದನ್ನು ದಾಟಿಸುವ ಮೋಸಗಾರರೂ ಇದ್ದಾರೆ! ತಾಯಿ ಬೆಳೆದ ಮಗಳನ್ನು ಎದುರು ಕೂರಿಸಿಕೊಂಡು ಹೇಗೆ ನಡೆಯಬೇಕು, ಹೇಗೆ ಉಡಬೇಕು, ಧ್ವನಿ ಎಷ್ಟು ಏರಿಸಬೇಕು ಎಂದು ಬುದ್ಧಿ ಹೇಳುವ ದೊಡ್ಡ ಮಾತೂ ಇದೆ. ಇಂಥ ಮಾತುಗಳಿಗೆ ನಾವಾತ್ಲ್‌ನಲ್ಲಿದ್ದ ಹೆಸರಿನ ಅರ್ಥ ‘ಹಿರಿಯರ ಮಾತು’ ಎಂದೇ. ಮಗಳಿಗೆ ಬುದ್ಧಿ ಹೇಳುವುದರಲ್ಲಿ ಎಲ್ಲ ಕಾಲದ ತಾಯಂದಿರೂ ಒಂದೇ ಅನ್ನಿ.

ಆಮೇಲೆ ಗಾಳಿ ತಿರುಗಿತು. 1770ರಲ್ಲಿ ಸ್ಪೇನಿನ ದೊರೆ ಮೂರನೆಯ ಕಾರ್ಲೋಸ್, ಈ ಭಾಷೆಗಳೆಲ್ಲ ಅಳಿದು ಎಲ್ಲರೂ ಸ್ಪ್ಯಾನಿಷನ್ನೇ ಆಡುವಂತಾಗಬೇಕು ಎಂದು ಆಜ್ಞೆ ಹೊರಡಿಸಿದ. ದೊರೆಯ ಕಾಗದದಿಂದ ಅಡಿಗೆಮನೆಯ ಮಾತು ನಿಲ್ಲಲಿಲ್ಲ. ದೊರೆಗಳು ಹೋದರು, ದೇಶ ಸ್ವತಂತ್ರವಾಯಿತು. ದೊರೆಯಿಂದ ಆಗದ ಕೆಲಸ ಆದದ್ದು ಹಳ್ಳಿಯ ಶಾಲೆಯಿಂದ! 1921ರಲ್ಲಿ ಅಲ್ಲಿ ಶಿಕ್ಷಣ ಇಲಾಖೆ ಹುಟ್ಟಿ ಹಳ್ಳಿಹಳ್ಳಿಗೆ ಶಾಲೆ ಬಂತು. ಒಳ್ಳೆಯದೇ. ಆದರೆ ಪಾಠ ಸ್ಪ್ಯಾನಿಷಿನಲ್ಲಿ ಮಾತ್ರ. ಒಂದು ದೇಶ ಎಂದಮೇಲೆ ಒಂದೇ ಭಾಷೆ ಎಂಬ ಹುರುಪು ಆ ಕಾಲದ ಮೇಷ್ಟ್ರುಗಳಿಗೆ. ಮನೆಮಾತು ಬಾಯಿಂದ ಬಿತ್ತೋ, ಕೈಗೆ ಏಟು, ಇಲ್ಲವೇ ದಂಡ. ಹೀಗೆ ಏಟು ತಿಂದು ಬೆಳೆದ ಹುಡುಗಿಯರೇ ಮುಂದೆ ತಾಯಂದಿರಾದರು.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿ. ನೀವೇ ಆ ತಾಯಿಯಾಗಿದ್ದರೆ ಏನು ಮಾಡುತ್ತಿದ್ದಿರಿ? ನನ್ನ ಮಗುವಿಗೆ ಈ ಏಟು ಬೇಡ, ಈ ನಗೆಪಾಟಲು ಬೇಡ ಎಂದು ಅರೆಬರೆ ಬರುವ ಸ್ಪ್ಯಾನಿಷಿನಲ್ಲೇ ಜೋಗುಳ ಹಾಡುತ್ತಿರಲಿಲ್ಲವೆ? ಅವರು ಮಾಡಿದ್ದೂ ಅದೇ. ಗಂಡ ಹೆಂಡತಿ ಜಗಳವಾಡುವಾಗ, ಅತ್ತೆಯ ಹತ್ತಿರ ಗುಟ್ಟು ಹೇಳುವಾಗ ಮಾತ್ರ ಹಳೆಯ ಭಾಷೆ. ಮಕ್ಕಳು ಎದುರಿಗೆ ಬಂದರೆ ಸ್ಪ್ಯಾನಿಷ್. ಪ್ರೀತಿಯಿಂದಲೇ ಮಾಡಿದರು. ಇಂಗ್ಲಿಷ್ ಶಾಲೆಯ ಬಾಗಿಲಲ್ಲಿ ಮಗುವಿಗೆ ಮೆಲ್ಲಗೆ ಗದರಿದ ನಮಗೆ ಅವರನ್ನು ಅರ್ಥಮಾಡಿಕೊಳ್ಳಲು ಕಷ್ಟವಾಗಬಾರದು.

ಲೆಕ್ಕ ಏನು ಹೇಳುತ್ತದೆ ನೋಡಿ. 1930ರ ಜನಗಣತಿಯಲ್ಲಿ ಮೂಲಭಾಷೆ ಆಡುವವರು ನೂರಕ್ಕೆ ಸುಮಾರು 16 ಮಂದಿ. 2020ರಲ್ಲಿ ನೂರಕ್ಕೆ 6. ಜನಸಂಖ್ಯೆ ಬೆಳೆದದ್ದರಿಂದ ಒಟ್ಟು ಸಂಖ್ಯೆ ಕಡಿಮೆಯಾಗಿಲ್ಲ, 73 ಲಕ್ಷಕ್ಕೂ ಹೆಚ್ಚೇ ಇದೆ. ನಾವಾತ್ಲ್ ಒಂದನ್ನೇ ಹದಿನಾರು ಲಕ್ಷಕ್ಕೂ ಹೆಚ್ಚು ಜನ ಆಡುತ್ತಾರೆ. ಆದರೆ ಉತ್ತರದ ಕಿಲಿವಾದಂಥ ಭಾಷೆಗಳನ್ನು ಚೆನ್ನಾಗಿ ಬಲ್ಲವರು ಕೈಬೆರಳಲ್ಲಿ ಎಣಿಸುವಷ್ಟು ಮುದುಕರು ಮಾತ್ರ.

ನಿಮ್ಮಲ್ಲಿ ಕೆಲವರು 2018ರ ‘ರೋಮಾ’ ಸಿನಿಮಾ ನೋಡಿರಬಹುದು. ಮೆಕ್ಸಿಕೋ ನಗರದ ಒಂದು ಅನುಕೂಲಸ್ಥರ ಮನೆ. ಅಲ್ಲಿ ಕೆಲಸಕ್ಕಿರುವ ಮಿಶ್ತೆಕ್ ಹುಡುಗಿ ಕ್ಲಿಯೊ. ಮನೆಯವರೊಡನೆ ಸ್ಪ್ಯಾನಿಷ್, ಅಡಿಗೆಮನೆಯಲ್ಲಿ ಜತೆಗಾತಿಯೊಡನೆ ಮಿಶ್ತೆಕ್. ಆ ಪಾತ್ರ ಮಾಡಿದ ಯಲಿತ್ಸಾ ಅಪರೀಸಿಯೊ ಸಿನಿಮಾದವಳೇ ಅಲ್ಲ, ಶಿಕ್ಷಕಿಯಾಗಲು ಓದಿದವಳು. ಮೊದಲ ಚಿತ್ರಕ್ಕೇ ಆಸ್ಕರ್ ಪ್ರಶಸ್ತಿಯ ಕೊನೆಯ ಸುತ್ತಿನವರೆಗೆ ಹೋದಳು. ತಂದೆ ಮಿಶ್ತೆಕ್, ತಾಯಿ ತ್ರಿಕಿ, ಇಬ್ಬರಿಗೂ ಸ್ವಂತ ಭಾಷೆಯುಂಟು. ಆದರೆ ಮಗಳಿಗೆ ಮಿಶ್ತೆಕ್ ಬರುತ್ತಿರಲಿಲ್ಲ! ಸಿನಿಮಾಕ್ಕಾಗಿ ತನ್ನ ತಂದೆಯ ಕಡೆಯವರ ಭಾಷೆಯ ಸಂಭಾಷಣೆಯನ್ನು ಹೊಸದಾಗಿ ಕಲಿಯಬೇಕಾಯಿತು. ಕಲಿಸಿದವಳು ಅದೇ ಚಿತ್ರದಲ್ಲಿ ಜತೆಗಾತಿಯಾಗಿ ನಟಿಸಿದ ಅವಳ ಗೆಳತಿ.

ಭಾಷೆ ಹೋದರೆ ಹಾಡು ಹೋಗುತ್ತದೆ, ಕಥೆ ಹೋಗುತ್ತದೆ ಎಂದು ಕೊರಗುವವರು ಬಹಳ. ಆದರೆ ಭಾಷೆ ಇದ್ದೂ ಅದಕ್ಕೆ ಬೆಲೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಹಸಿಂತಾ ಫ್ರಾನ್ಸಿಸ್ಕೊ ಮಾರ್ಸಿಯಾಲ್ ಎಂಬಾಕೆಗೆ ಗೊತ್ತು.

ಕೆರೆತಾರೊ ಪ್ರಾಂತದ ಒಂದು ಹಳ್ಳಿಯ ಒತೊಮಿ ಹೆಂಗಸು ಆಕೆ. ಭಾನುವಾರದ ಸಂತೆಯಲ್ಲಿ ಪಾನಕ, ಐಸ್‌ಕ್ರೀಮು ಮಾರುತ್ತಿದ್ದಳು. ಅಂದಹಾಗೆ ಅಲ್ಲಿ ಸಂತೆಗೆ ಸ್ಪ್ಯಾನಿಷ್ ಆಡುವವರೂ ‘ತಿಯಾಂಗಿಸ್’ ಎನ್ನುತ್ತಾರೆ, ಅದೂ ನಾವಾತ್ಲ್ ಪದವೇ. 2006ರ ಮಾರ್ಚ್ ತಿಂಗಳ ಒಂದು ಭಾನುವಾರ, ಸಮವಸ್ತ್ರವಿಲ್ಲದ ಆರು ಮಂದಿ ಕೇಂದ್ರ ಪೊಲೀಸರು ಸಂತೆಗೆ ನುಗ್ಗಿ ವ್ಯಾಪಾರಿಗಳ ಸರಕು ಎತ್ತಿಕೊಂಡರು. ಜನ ಸೇರಿ ಗಲಾಟೆಯಾಯಿತು. ನಾಲ್ಕು ತಿಂಗಳ ಮೇಲೆ ಹಸಿಂತಾಳನ್ನೂ ಇನ್ನಿಬ್ಬರು ಹೆಂಗಸರನ್ನೂ ಹಿಡಿದರು. ಆರೋಪ? ಆರು ಮಂದಿ ಪೊಲೀಸರನ್ನು ಈ ಹೆಂಗಸರು ಅಪಹರಿಸಿದರಂತೆ! ಅವಳಿಗೆ ಸ್ಪ್ಯಾನಿಷ್ ಸರಿಯಾಗಿ ಬರುತ್ತಿರಲಿಲ್ಲ. ವಿಚಾರಣೆಯಲ್ಲಿ ದುಭಾಷಿಯನ್ನು ಕೊಡಲಿಲ್ಲ. ತನ್ನ ಮೇಲೆ ಏನು ಹೊರಿಸಿದ್ದಾರೆಂದೇ ತಿಳಿಯದೆ ನಿಂತಿದ್ದಳು. 21 ವರ್ಷಗಳ ಶಿಕ್ಷೆ ಬಿತ್ತು.

ಇದೆಲ್ಲ ಆದದ್ದು ಕಾನೂನು ಇಲ್ಲದ ಕಾಲದಲ್ಲಲ್ಲ. ಮೂಲಭಾಷೆಗಳೂ ಸ್ಪ್ಯಾನಿಷಿನಷ್ಟೇ ರಾಷ್ಟ್ರಭಾಷೆಗಳು, ನ್ಯಾಯಾಲಯದಲ್ಲಿ ದುಭಾಷಿ ಕೊಡಲೇಬೇಕು ಎಂದು 2003ರಲ್ಲೇ ಕಾನೂನು ಬಂದಿತ್ತು. ಕಾಗದದಲ್ಲಿ ಇತ್ತು, ಪೊಲೀಸ್ ಠಾಣೆಯಲ್ಲಿ ಇರಲಿಲ್ಲ. ಮಾನವ ಹಕ್ಕುಗಳ ಸಂಸ್ಥೆಗಳು ಕೂಗೆಬ್ಬಿಸಿದ ಮೇಲೆ, ಮೂರು ವರ್ಷ ಸೆರೆವಾಸದ ನಂತರ 2009ರ ಸೆಪ್ಟೆಂಬರಿನಲ್ಲಿ ಅವಳ ಬಿಡುಗಡೆಯಾಯಿತು. ಉಳಿದಿಬ್ಬರು 2010ರಲ್ಲಿ ಹೊರಬಂದರು. 2017ರ ಫೆಬ್ರವರಿಯಲ್ಲಿ ದೇಶದ ಅಟಾರ್ನಿ ಜನರಲ್ ಬಹಿರಂಗ ಸಭೆಯಲ್ಲಿ ಈ ಮೂವರ ಕ್ಷಮೆ ಕೇಳಬೇಕಾಯಿತು. ಆ ಸಭೆಯಲ್ಲಿ ಎದ್ದು ನಿಂತು ಅಳುಕದೆ ಮಾತಾಡಿ ದೇಶಕ್ಕೆಲ್ಲ ಪರಿಚಿತಳಾದವಳು ಹಸಿಂತಾಳ ಮಗಳು. ಅವಳು ಶಾಲೆಯ ಉಪಾಧ್ಯಾಯಿನಿ.

ಇನ್ನೊಂದು ಸಂಗತಿ ಹೇಳಲು ಕೈ ನಡುಗುತ್ತದೆ. 2013ರ ಅಕ್ಟೋಬರಿನಲ್ಲಿ ಓಹಾಕ ಪ್ರಾಂತದ ಒಂದು ಆರೋಗ್ಯ ಕೇಂದ್ರಕ್ಕೆ ದಿನ ತುಂಬಿದ ಮಸಾತೆಕ್ ಹೆಂಗಸೊಬ್ಬಳು ನೋವು ತಿನ್ನುತ್ತ ಬಂದಳು. ಅವಳಿಗೆ ಸ್ಪ್ಯಾನಿಷ್ ಅಷ್ಟಾಗಿ ಬಾರದು. ಇನ್ನೂ ಹೊತ್ತಿದೆ, ಹೊರಗಿರು ಎಂದರು. ಹೊರಗಿನ ಹುಲ್ಲಿನ ಮೇಲೆ, ಯಾರ ಕೈಯಾಸರೆಯೂ ಇಲ್ಲದೆ ಹೆತ್ತಳು. ಯಾರೋ ತೆಗೆದ ಆ ಫೋಟೋ ಪ್ರಪಂಚವನ್ನೆಲ್ಲ ಸುತ್ತಿತು. ಮಗು ಉಳಿಯಿತು, ದೇವರು ದೊಡ್ಡವನು. ಹೆರಿಗೆ ನೋವಿನಲ್ಲಿ ಬಾಯಿಗೆ ಬರುವುದು ಯಾವ ಭಾಷೆ ಎಂದು ಹೆತ್ತವರಾದ ನಿಮಗೆ ನಾನು ಹೇಳಬೇಕಾಗಿಲ್ಲ. 2020ರ ಗಣತಿಯ ಪ್ರಕಾರ ಸ್ಪ್ಯಾನಿಷ್ ಬಾರದೆ ತಮ್ಮ ಭಾಷೆಯೊಂದನ್ನೇ ಬಲ್ಲವರು ಎಂಟು ಲಕ್ಷಕ್ಕೂ ಮೀರಿ ಇದ್ದಾರೆ. ಅವರಲ್ಲಿ ಹೆಚ್ಚಿನವರು ಹೆಂಗಸರೇ. ಗಂಡಸು ಕೂಲಿಗೆಂದು ಪಟ್ಟಣಕ್ಕೆ ಹೋಗಿ ನಾಲ್ಕು ಮಾತು ಕಲಿತು ಬರುತ್ತಾನೆ. ಹೆಂಗಸು ಮನೆಯಲ್ಲಿ ಉಳಿಯುತ್ತಾಳೆ, ಭಾಷೆಯನ್ನು ಉಳಿಸುವವಳೂ ಅವಳೇ, ಅದಕ್ಕೆ ಬೆಲೆ ತೆರುವವಳೂ ಅವಳೇ.

ಈಗ ಪರಿಸ್ಥಿತಿ ಅಲ್ಪಸ್ವಲ್ಪ ಬದಲಾಗುತ್ತಿದೆ. ಹೂಚಿತಾನ್ ಎಂಬ ಊರಿನ ಮಾರುಕಟ್ಟೆಯಲ್ಲಿ ಕಸೂತಿಯ ರವಿಕೆ, ಅಗಲ ಲಂಗ ತೊಟ್ಟ ಝಪೊತೆಕ್ ವ್ಯಾಪಾರಿ ಹೆಂಗಸರು ಮೊದಲಿನಿಂದಲೂ ತಮ್ಮ ಭಾಷೆಯಲ್ಲೇ ದರ ಕೂಗಿ ತಮ್ಮ ಭಾಷೆಯಲ್ಲೇ ಚೌಕಾಸಿ ಮಾಡಿದವರು. ಚಿತ್ರಕಲಾವಿದೆ ಫ್ರೀಡಾ ಕಾಲೋ ಹೆಮ್ಮೆಯಿಂದ ಉಡುತ್ತಿದ್ದ ಉಡುಪು ಆ ಸೀಮೆಯದೇ. 2019ರ ಫೆಬ್ರವರಿಯಲ್ಲಿ ಯಾಸ್ನಯ ಅಗಿಲಾರ್ ಎಂಬ ಭಾಷಾಶಾಸ್ತ್ರಜ್ಞೆ ದೇಶದ ಪಾರ್ಲಿಮೆಂಟಿನಲ್ಲಿ ತನ್ನ ಮಿಹೆ ಭಾಷೆಯಲ್ಲೇ ನಿಂತು ಭಾಷಣ ಮಾಡಿದಳು. ಭಾಷೆಗಳು ತಾವಾಗಿ ಸಾಯುವುದಿಲ್ಲ, ಅವನ್ನು ಕೊಲ್ಲಲಾಗುತ್ತದೆ ಎಂಬುದು ಆಕೆಯ ವಾದ. ಜತೆಗೆ ತನ್ನ ಊರಿಗೆ 2017ರಿಂದ ಕುಡಿಯುವ ನೀರಿಲ್ಲ ಎಂಬುದನ್ನೂ ಅಲ್ಲೇ ಹೇಳಿ ಬಂದಳು. ಒಳ್ಳೆಯದೇ ಮಾಡಿದಳು, ಭಾಷೆಯ ಗೌರವಕ್ಕೆ ಚಪ್ಪಾಳೆ ತಟ್ಟಿ ಕೊಡ ಖಾಲಿ ಬಿಟ್ಟರೆ ಏನು ಪ್ರಯೋಜನ?

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಓಹಾಕ ಪ್ರಾಂತದ ‘ಭಾಷೆಯ ಗೂಡು’ಗಳು. ಮೂಲ ಕಲ್ಪನೆ ನ್ಯೂಜಿಲೆಂಡಿನದು. ಅಲ್ಲಿ ಮಾವೋರಿ ಜನ ತಮ್ಮ ಭಾಷೆ ಆಡುವ ಮಕ್ಕಳೇ ಇಲ್ಲವಾಗುತ್ತಿದ್ದುದನ್ನು ಕಂಡು 1982ರಲ್ಲಿ ಇಂಥ ಗೂಡುಗಳನ್ನು ಆರಂಭಿಸಿದ್ದರು. ಅದನ್ನು ತಿಳಿದ ಓಹಾಕದ ಉಪಾಧ್ಯಾಯರ ಒಂದು ಒಕ್ಕೂಟ 2008ರಲ್ಲಿ ತಮ್ಮ ಹಳ್ಳಿಗಳಲ್ಲೂ ಶುರುಮಾಡಿತು. ಇನ್ನೂ ಶಾಲೆಗೆ ಹೋಗದ ಪುಟ್ಟ ಮಕ್ಕಳು ಅಲ್ಲಿಗೆ ಬರುತ್ತಾರೆ. ಕಲಿಸುವವರು ಭಾಷೆ ಬಲ್ಲ ಊರ ಹಿರಿಯರು, ಅಜ್ಜಿಯರು. ಕಪ್ಪು ಹಲಗೆ ಇಲ್ಲ, ಕಾಗುಣಿತ ಇಲ್ಲ. ಕೈ ತೊಳೆಸುವುದು, ಊಟ ಮಾಡಿಸುವುದು, ಗಿಡಕ್ಕೆ ನೀರು ಹಾಕಿಸುವುದು, ಬಿದ್ದರೆ ಎತ್ತಿ ಸಮಾಧಾನ ಮಾಡುವುದು, ಎಲ್ಲ ಊರಿನ ಭಾಷೆಯಲ್ಲಿ. ತಾಯಂದಿರ ಕಾಲದಲ್ಲಿ ಕಡಿದುಹೋದ ಎಳೆಯನ್ನು ಅಜ್ಜಿಯೇ ಮೊಮ್ಮಗುವಿನ ಕೈಗೆ ಕೊಡುವ ಏರ್ಪಾಡು ಇದು. ಎಷ್ಟೋ ಕಡೆ ಮಗುವನ್ನು ಬಿಡಲು ಬಂದ ತಾಯಿಗೇ ಆ ಮಾತು ಪೂರ್ತಿ ಬರುವುದಿಲ್ಲ. ನಿಯಮ ಒಂದೇ. ಗೂಡಿನೊಳಗೆ ಮಗು ಸ್ಪ್ಯಾನಿಷಿನಲ್ಲಿ ಕೇಳಲಿ, ಸ್ಪ್ಯಾನಿಷಿನಲ್ಲಿ ಅಳಲಿ, ಅಜ್ಜಿ ಮಾತ್ರ ತನ್ನ ಭಾಷೆಯಲ್ಲೇ ಉತ್ತರ ಕೊಡಬೇಕು.